ಡ್ರಮ್ಮಿನವನ ಮೇಲೊಂದು ಫೈಲು

ನನಗೆ ಒಂದು ಬಟನ್ನಿನ ಮೇಲೆ ವಿಪರೀತ ಸಿಟ್ಟಿದೆ. ಮನುಷ್ಯರ ಮೇಲೆ ಸಿಟ್ಟು ಮಾಡಿಕೊಂಡರೆ ಅವರು ತಿರುಗಿ ಬೈಯುತ್ತಾರೆ, ದೇವರ ಮೇಲೆ ಮಾಡಿಕೊಂಡರೆ ಹೆಂಡತಿ ಬೈಯುತ್ತಾಳೆ. ಬಟನ್ನಿನ ಪರವಾಗಿ ವಾದಿಸಲು ಯಾರೂ ಬರುವುದಿಲ್ಲ ಎಂಬ ಧೈರ್ಯದಿಂದ ಇಲ್ಲಿ ಬಾಯಿ ಬಿಟ್ಟು ಹೇಳುತ್ತಿದ್ದೇನೆ. ಅದು ಇರುವುದು ನನ್ನ ಲ್ಯಾಪ್‌ಟಾಪಿನಲ್ಲಿ, ಡ್ರಮ್ ಬಾರಿಸುವ ಒಂದು ಸಾಫ್ಟ್‌ವೇರಿನ ಬಲಮೂಲೆಯಲ್ಲಿ. ಹೆಸರು ‘ಹ್ಯೂಮನೈಸ್’. ಅಂದರೆ, ಇದನ್ನು ಮನುಷ್ಯನನ್ನಾಗಿ ಮಾಡು.

ವಿಷಯ ತಿಳಿಯದವರಿಗೆ ಎರಡು ಮಾತು. ಪರದೆಯ ಮೇಲೆ ಸಾಲುಸಾಲಾಗಿ ಚೌಕಗಳಿರುತ್ತವೆ, ಥೇಟ್ ಲೆಕ್ಕದ ಪುಸ್ತಕದ ಹಾಳೆ. ಯಾವ ಚೌಕದಲ್ಲಿ ಗುರುತು ಹಾಕುತ್ತೀರೋ ಅಲ್ಲಿ ಒಂದು ಪೆಟ್ಟು ಬೀಳುತ್ತದೆ. ಮೇಲಿನ ಸಾಲು ತಾಳದಂತಿರುವ ಹಿತ್ತಾಳೆ ತಟ್ಟೆಗೆ, ನಡುವಿನದು ‘ಸ್ನೇರ್’ ಎನ್ನುವ ಚಟಾರ್ ಸದ್ದಿನ ಡ್ರಮ್ಮಿಗೆ, ಕೆಳಗಿನದು ಕಾಲಲ್ಲಿ ಒದೆಯುವ ದೊಡ್ಡ ಡ್ರಮ್ಮಿಗೆ. ಯಂತ್ರ ಅದನ್ನು ಕೂದಲೆಳೆಯಷ್ಟೂ ತಪ್ಪದೆ ಬಾರಿಸುತ್ತದೆ. ತಪ್ಪದೆ ಬಾರಿಸಿದ್ದು ಕೇಳಲು ಸತ್ತಂತಿರುತ್ತದೆ. ಆಗ ಈ ಬಟನ್ ಒತ್ತಬೇಕು. ಒತ್ತಿದ ಕೂಡಲೇ ಯಂತ್ರ ಒಂದು ಪೆಟ್ಟನ್ನು ಒಂಚೂರು ಮುಂಚೆ, ಇನ್ನೊಂದನ್ನು ಒಂಚೂರು ತಡವಾಗಿ, ಒಂದನ್ನು ಜೋರಾಗಿ, ಒಂದನ್ನು ಮೆತ್ತಗೆ, ಹೇಗೆ ಬೇಕೋ ಹಾಗೆ ಚೆಲ್ಲಾಪಿಲ್ಲಿ ಮಾಡುತ್ತದೆ. ಅಷ್ಟೇ, ಮನುಷ್ಯ ಸಿದ್ಧ! ಅಲ್ಲ ಸ್ವಾಮೀ, ಗೊತ್ತುಗುರಿಯಿಲ್ಲದೆ ತಪ್ಪು ಮಾಡುವುದೇ ಮನುಷ್ಯತ್ವವಾಗಿದ್ದರೆ ನಮ್ಮ ಕಚೇರಿಯಲ್ಲಿ ನನಗಿಷ್ಟು ಹೊತ್ತಿಗೆ ಹಾರ ಹಾಕಿ ಸನ್ಮಾನ ಮಾಡಬೇಕಿತ್ತು.

ನಾನು ಗೌರಿಬಿದನೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕ. ಹೆಸರು ಶ್ರೀನಿವಾಸ. ಹಗಲು ಫೈಲು, ಸಂಜೆ ಗಿಟಾರು. ನಮ್ಮೂರಿನಲ್ಲಿ ಗಿಟಾರು ಹೊತ್ತು ತಿರುಗುವುದು ಸುಲಭದ ಕೆಲಸವಲ್ಲ. ಅದನ್ನು ಚೀಲಕ್ಕೆ ಹಾಕಿ ಬೆನ್ನಿಗೇರಿಸಿಕೊಂಡು ಹೋಗುವಾಗ ನಮ್ಮ ಬೀದಿಯ ಹಿರಿಯರೊಬ್ಬರು ಬಹಳ ವರ್ಷ, “ಏನಪ್ಪಾ, ಔಷಧಿ ಹೊಡೆಯಕ್ಕೆ ಹೊಂಟ್ಯಾ?” ಎಂದೇ ಕೇಳುತ್ತಿದ್ದರು. ತೋಟಕ್ಕೆ ಔಷಧಿ ಹೊಡೆಯುವ ಪಂಪೆಂದು ಅವರ ಎಣಿಕೆ. ಮೊದಮೊದಲು ತಿದ್ದುತ್ತಿದ್ದೆ. ಆಮೇಲೆ “ಹೂಂ” ಎಂದು ಮುಂದೆ ಹೋಗುವುದನ್ನು ಕಲಿತೆ. ಹೀಗೆ ಔಷಧಿ ಹೊಡೆದೂ ಹೊಡೆದೂ ಹನ್ನೊಂದು ಹಾಡು ಕಟ್ಟಿದ್ದೇನೆ. ರೈಲ್ವೆ ಗೇಟಿನ ಮೇಲೆ ಒಂದು, ಚಿಕ್ಕಬಳ್ಳಾಪುರದ ದ್ರಾಕ್ಷಿ ಚಪ್ಪರದ ಮೇಲೆ ಒಂದು, ನನ್ನ ಹೆಂಡತಿ ಸುಜಾತಾಳ ಮೌನದ ಮೇಲೆ ಎರಡು. ಉಳಿದವು ಅಂಥ ಗಹನವಾದ ವಸ್ತುಗಳ ಮೇಲಲ್ಲ.

ಈ ಹನ್ನೊಂದಕ್ಕೂ ಡ್ರಮ್ ಬಾರಿಸಿದವನು ಮುನಿರಾಜು. ಚಿಂತಾಮಣಿಯಲ್ಲಿ ಡಿಗ್ರಿ ಓದುವಾಗ ಹಾಸ್ಟೆಲಿನಲ್ಲಿ ಇಬ್ಬರದೂ ಒಂದೇ ಕೋಣೆ. ನಾನು ಕಡ ತಂದ ಗಿಟಾರನ್ನು ಕೆರೆಯುತ್ತಿದ್ದರೆ ಅವನು ತನ್ನ ತಗಡಿನ ಟ್ರಂಕಿನ ಮೇಲೆ ಬಾರಿಸುತ್ತಿದ್ದ. ಅಲ್ಲಿಂದ ಶುರುವಾಗಿ ಇಪ್ಪತ್ತು ವರ್ಷ. ಈಗ ಅವನು ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸಗಾರ. ಹತ್ತಿರದ ಹಳ್ಳಿಯಲ್ಲಿ ಮನೆ, ಹಿಪ್ಪುನೇರಳೆ ತೋಟ, ತೋಟದ ಪಕ್ಕಕ್ಕೆ ರೇಷ್ಮೆ ಸಾಕುವ ಹುಳುಮನೆ. ತೋಟ, ಹುಳು ಎಲ್ಲವನ್ನೂ ನಡೆಸುವುದು ಅವನ ಹೆಂಡತಿ ರತ್ನಮ್ಮ. ನಮ್ಮ ಸಂಗೀತಶಾಲೆ ಆ ಹುಳುಮನೆಯೇ. ಉದ್ದನೆಯ ಹಜಾರ, ಕಿಟಕಿಗಳಿಗೆ ಬಲೆ, ಸಿಮೆಂಟಿನ ನೆಲ. ಒಂದು ಬೆಳೆ ಗೂಡು ಬಿಡಿಸಿ ಮನೆ ತೊಳೆದು ಇನ್ನೊಂದು ಬೆಳೆಗೆ ಮರಿ ತರುವ ನಡುವೆ ಸಿಗುವ ಎಂಟು ಹತ್ತು ದಿನ ನಮ್ಮದು. ಹುಳು ಇದ್ದಾಗ ಅಲ್ಲಿ ಜೋರಾಗಿ ಕೆಮ್ಮಲೂ ರತ್ನಮ್ಮ ಬಿಡುವುದಿಲ್ಲ. ಪಂಚಾಂಗ ನೋಡಿ ಮದುವೆ ಮಾಡುವವರಿದ್ದಾರೆ, ಹುಳುವಿನ ಜ್ವರ ಲೆಕ್ಕ ಹಾಕಿ ಹಾಡು ಕಟ್ಟಿದವರು ಪ್ರಾಯಶಃ ನಾವಿಬ್ಬರೇ. ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಈ ವರ್ಷ ಹನ್ನೊಂದೂ ಹಾಡನ್ನು ಸರಿಯಾಗಿ ರೆಕಾರ್ಡು ಮಾಡಬೇಕೆಂದು ಇಬ್ಬರೂ ತೀರ್ಮಾನಿಸಿದ್ದೆವು. ನನ್ನ ಬದುಕಿನಲ್ಲಿ ಕಚೇರಿಯ ಮೊಹರಿಲ್ಲದೆ ಉಳಿಯಬಹುದಾದ ಸಂಗತಿ ಅದೊಂದೇ.

ಅಷ್ಟರಲ್ಲಿ ಸ್ಕಂದಗಿರಿಯ ಬುಡದ ಒಂದು ಹೋಮ್‌ಸ್ಟೇಯವರು ಭಾನುವಾರ ಬೆಳಿಗ್ಗೆ ಬಂದು ನುಡಿಸಿ ಎಂದರು. ಬೆಟ್ಟ ಹತ್ತಿ ಸೂರ್ಯೋದಯ ನೋಡಿ ಇಳಿದ ಬೆಂಗಳೂರಿನ ಹುಡುಗ ಹುಡುಗಿಯರಿಗೆ ಇಡ್ಲಿಯ ಜೊತೆಗೆ ನಂಜಿಕೊಳ್ಳಲು ನಮ್ಮ ಸಂಗೀತ. ಮೊದಲ ಹಾಡಿಗೇ ಚಪ್ಪಾಳೆ ಬಿತ್ತು. ಎರಡನೆಯದು ರೈಲ್ವೆ ಗೇಟಿನ ಹಾಡು. ಗೇಟು ಹಾಕಿದಾಗ ಎರಡೂ ಕಡೆ ನಿಂತು ಕಾಯುವ ಜನರ ಬಗ್ಗೆ ನಿಧಾನವಾಗಿ ಹಾಡಬೇಕಾದ ಹಾಡು. ಅದೇನಾಯಿತೋ, ಎರಡನೇ ಚರಣದಿಂದ ವೇಗ ಹತ್ತಿಕೊಂಡು, ಕೊನೆಯ ಚರಣದ ಹೊತ್ತಿಗೆ ನಾನೇ ಬರೆದ ಮಾತುಗಳು ನನ್ನ ಬಾಯಲ್ಲೇ ಹಿಡಿಸದಂತಾದವು. ಮುಗಿದ ಮೇಲೆ ಮುಂದೆ ಕೂತಿದ್ದ ಹುಡುಗಿಯೊಬ್ಬಳು ಚಟ್ನಿ ಬಟ್ಟಲು ಕೆಳಗಿಟ್ಟು, “ಅಂಕಲ್, ನಿಮಗೇನಾದ್ರೂ ಟ್ರೈನ್ ಮಿಸ್ ಆಗುತ್ತಾ?” ಎಂದಳು. ಎಲ್ಲರೂ ಗೊಳ್ಳೆಂದು ನಕ್ಕರು. ನಾನೂ ಹಲ್ಲು ಕಿರಿದೆ. ಒಳಗೆ ಮೈ ಉರಿಯುತ್ತಿತ್ತು.

ವಾಪಸ್ಸು ಬರುವಾಗ ಮಂಚೇನಹಳ್ಳಿಯಲ್ಲಿ ಟೀ ಕುಡಿಯಲು ನಿಂತೆವು. ನಾನು ತಡೆಯಲಾರದೆ, “ಯಾಕೋ ಮುನಿರಾಜು ಹಂಗೆ ಓಡಿಸ್ದೆ?” ಎಂದೆ.

“ನಾನಲ್ಲ ಕಣೋ ಸೀನ. ನೀನು ಓಡ್ತೀಯ.”

“ನಾನಾ?”

“ಹೂಂ ಕಣಪ್ಪ. ಸಿಟ್ಟು ಬಂದ್ರೆ ಓಡ್ತೀಯ, ಭಯ ಆದ್ರೂ ಓಡ್ತೀಯ. ಜನ ಚಪ್ಪಾಳೆ ತಟ್ಬಿಟ್ರಂತೂ ನಿನ್ನ ಹಿಡಿಯೋರೇ ಇಲ್ಲ.”

ಇಷ್ಟನ್ನು ಅವನು ಟೀ ಆರಿಸಿಕೊಳ್ಳುತ್ತಾ, ಇವತ್ತು ಮೋಡ ಇದೆ ಎನ್ನುವ ಧಾಟಿಯಲ್ಲಿ ಹೇಳಿದ. ಜಗಳದ ದನಿಯಲ್ಲಿ ಹೇಳಿದ್ದರೆ ಸಹಿಸುತ್ತಿದ್ದೆ. ಆ ತಣ್ಣನೆಯ ದನಿ ಕೇಳಿ ನನ್ನ ಪಿತ್ತ ನೆತ್ತಿಗೇರಿತು. ಆಡಬಾರದ ಮಾತು ಆಡಿದೆ. “ಫ್ಯಾಕ್ಟ್ರೀಲಿ ಮಿಷಿನ್ ಜೊತೆ ಇದ್ದೂ ಇದ್ದೂ ಮನುಷ್ಯರ ಜೊತೆ ಬಾರ್ಸೋದು ನಿಂಗೆ ಮರ್ತೋಗಿದೆ. ನಿನ್ನ ಬದ್ಲು ಒಂದು ಮಿಷಿನ್ನೇ ವಾಸಿ ಕಣೋ.”

ಅವನು ಗ್ಲಾಸು ಕೆಳಗಿಟ್ಟ. “ಸರ್ಲೇ, ತಗೋ ಹೋಗು” ಎಂದ. ಮುನಿರಾಜುವಿನ ಮನೆಮಾತು ತೆಲುಗು. ಅವನ ಬಾಯಿಂದ ‘ಸರ್ಲೇ’ ಬಂತೆಂದರೆ ಮಾತು ಮುಗಿಯಿತೆಂದೇ ಅರ್ಥ. ಡ್ರಮ್ಮು ಹೇರಿದ್ದ ಗೂಡ್ಸ್ ಆಟೋದಲ್ಲಿ ಅವನು ಹೋದ, ನಾನು ಬಸ್ಸಿನಲ್ಲಿ ನಿಂತುಕೊಂಡು ಬಂದೆ. ಆಮೇಲೆ ಅವನೂ ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ. ಇಪ್ಪತ್ತು ವರ್ಷದಲ್ಲಿ ವಾರಕ್ಕೊಂದು ಸಲವಾದರೂ ಮಾತಾಡದೆ ಇದ್ದದ್ದು ಅದೇ ಮೊದಲು.

ನಾನು ಹೇಳಿದ್ದನ್ನು ಮಾಡಿ ತೋರಿಸುವ ಜಾತಿಯವನು, ಅದರಲ್ಲೂ ಸಿಟ್ಟಿನಲ್ಲಿ ಹೇಳಿದ್ದನ್ನು. ಆ ವಾರವೇ ಸಾಫ್ಟ್‌ವೇರ್ ತಂದೆ. ಮೊದಲ ಎರಡು ದಿನ ಸ್ವರ್ಗ. ಈ ಡ್ರಮ್ಮಿನವನಿಗೆ ಶಿಫ್ಟ್ ಇಲ್ಲ, ಹುಳು ಇಲ್ಲ, ಹೆಂಡತಿಯ ತವರಲ್ಲಿ ಗೃಹಪ್ರವೇಶವಿಲ್ಲ. ಕರೆದ ಕೂಡಲೇ ಹಾಜರು. ಚೌಕಗಳ ಮುಂದೆ ಕೂತು ಇಪ್ಪತ್ತು ವರ್ಷದ ಆಸೆಯನ್ನೆಲ್ಲ ತುಂಬಿದೆ. ಗಿಟಾರಿನವರು ಡ್ರಮ್ ಬರೆದರೆ ಆಗುವುದೇ ಹೀಗೆ: ನಮ್ಮ ಕೈ ತಂತಿಯ ಮೇಲೆ ಎಷ್ಟು ಸಲ ಆಡುತ್ತದೋ ಅಷ್ಟು ಪೆಟ್ಟು ಬೇಕೆನಿಸುತ್ತದೆ. ಖಾಲಿ ಚೌಕ ಕಂಡರೆ ಏನೋ ಮರೆತಿದ್ದೇವೆಂದು ಕೈ ತುರಿಸುತ್ತದೆ. ಖಾಲಿ ಬಿಡುವುದೂ ಬಾರಿಸುವುದರ ಭಾಗ ಎಂಬುದು ಗೊತ್ತಿದ್ದವನು ಕುಡುಮಲಕುಂಟೆಯಲ್ಲಿದ್ದ.

ಸುಜಾತ ಪ್ರಾಥಮಿಕ ಶಾಲೆಯ ಮೇಡಮ್ಮು. ಮಕ್ಕಳು ಬರೆದ ಲೆಕ್ಕವನ್ನು ತಲೆಕೆಳಗಾಗಿ ನೋಡಿಯೂ ತಪ್ಪು ಹಿಡಿಯುವ ಹೆಂಗಸು. ನನ್ನ ರಚನೆಯನ್ನು ಕೇಳಿ, ಪರದೆಯನ್ನು ನೋಡಿ, ಬೆರಳು ಮಡಚಿ ಎಣಿಸಿ, “ರೀ, ಇಲ್ಲಿ ತಟ್ಟೆ ಹೊಡೀತಿದಾನೆ, ಇಲ್ಲೂ ತಟ್ಟೆ, ಇಲ್ಲಿ ಡ್ರಮ್ಮು, ಎಲ್ಲಾ ಒಂದೇ ಸಲಕ್ಕೆ. ಇವನಿಗೆ ಎಷ್ಟು ಕೈ?” ಎಂದಳು. ನಾನು ಎರಡು ಸೌಟು ಹಿಡಿದು ಕುರ್ಚಿಯ ಮೇಲೆ ಕೂತು ಬಾರಿಸಿ ನೋಡಿದೆ. ಮೂರು ಕೈ ಬೇಕಿತ್ತು, ಕೊನೆಯ ಪಲ್ಲವಿಗೆ ನಾಲ್ಕು. ನಮ್ಮ ಪುರಾಣಗಳಲ್ಲಿ ಇದಕ್ಕೊಂದು ಆಧಾರವಿದೆ. ಶಿವ ತಾಂಡವ ಆಡುವಾಗ ಬಾಣಾಸುರ ಸಾವಿರ ಕೈಗಳಿಂದ ವಾದ್ಯ ಬಾರಿಸಿ ಒಲಿಸಿಕೊಂಡನಂತೆ. ಆದರೆ ಆ ಸಾವಿರ ತೋಳಿನ ಸೊಕ್ಕು ತಲೆಗೇರಿ ಅವನಿಗೆ ಮುಂದೆ ಏನಾಯಿತೆಂಬುದನ್ನು ನಾನು ಸುಜಾತಾಳಿಗೆ ಹೇಳಹೋಗಲಿಲ್ಲ. ತೋಳುಗಳನ್ನು ಕತ್ತರಿಸಿದರು. ನಾನೂ ಚೌಕಗಳನ್ನು ಅಳಿಸಿದೆ, ಹಲ್ಲು ಕಚ್ಚಿಕೊಂಡು.

ಅಸಲು ಗ್ರಹಚಾರ ಶುರುವಾದದ್ದು ಆಮೇಲೆ. ಎರಡೇ ಕೈಯ ಡ್ರಮ್ ಸಿದ್ಧವಾಯಿತು, ಅದರ ಜೊತೆ ಗಿಟಾರ್ ನುಡಿಸಿ ರೆಕಾರ್ಡ್ ಮಾಡಲು ಕೂತೆ. ರೈಲ್ವೆ ಗೇಟಿನ ಹಾಡೇ. ಮೊದಲ ಚರಣ ಸುಸೂತ್ರ. ಎರಡನೇ ಚರಣದ ಹೊತ್ತಿಗೆ ನಾನೊಂದು ಕಡೆ, ಡ್ರಮ್ಮೊಂದು ಕಡೆ. ಇನ್ನೊಮ್ಮೆ, ಮತ್ತದೇ. ಯಂತ್ರ ಕೆಟ್ಟಿದೆ ಎಂದುಕೊಂಡೆ. ಲ್ಯಾಪ್‌ಟಾಪ್ ಆರಿಸಿ ಹಾಕಿದೆ. ಕರೆಂಟಿನ ಏರಿಳಿತವಿರಬಹುದೆಂದು ಪ್ಲಗ್ಗು ಕಿತ್ತು ಬ್ಯಾಟರಿಯಲ್ಲಿ ನಡೆಸಿದೆ. ಕಡೆಗೆ ಫೋನಿನಲ್ಲಿ ಟಿಕ್ ಟಿಕ್ ಎನ್ನುವ ತಾಳಯಂತ್ರವನ್ನು ಹಾಕಿ ಪಕ್ಕದಲ್ಲಿಟ್ಟೆ. ಫೋನೂ ಲ್ಯಾಪ್‌ಟಾಪೂ ಒಂದೇ ಮಾತು ಹೇಳುತ್ತಿದ್ದವು, ಬೇರೆ ಮಾತು ಹೇಳುತ್ತಿದ್ದವನು ನಾನೊಬ್ಬನೇ. ಎರಡು ಯಂತ್ರಗಳು ಸೇರಿಕೊಂಡು ಒಬ್ಬ ಸರ್ಕಾರಿ ನೌಕರನ ಮೇಲೆ ಪಿತೂರಿ ಮಾಡುತ್ತಿವೆ ಎಂದು ಆ ಕ್ಷಣ ನಿಜವಾಗಿ ಅನ್ನಿಸಿತು.

ಸೋಲೊಪ್ಪಲು ಸಿದ್ಧವಿಲ್ಲದವನು ಶಾಸ್ತ್ರದ ಮೊರೆ ಹೋಗುತ್ತಾನೆ. ನಮ್ಮ ಸಂಗೀತಶಾಸ್ತ್ರದಲ್ಲಿ ಅತೀತ ಎಂಬುದೊಂದಿದೆ: ತಾಳ ಶುರುವಾಗುವುದಕ್ಕೆ ಮೊದಲೇ ಹಾಡನ್ನು ಎತ್ತಿಕೊಳ್ಳುವುದು. ತಾಳ ಶುರುವಾದ ಮೇಲೆ ಎತ್ತಿಕೊಂಡರೆ ಅನಾಗತ, ಜೊತೆಗೇ ಎತ್ತಿಕೊಂಡರೆ ಸಮ. ಮೂರೂ ಶಾಸ್ತ್ರಸಮ್ಮತ. “ನೋಡು, ನಾನು ಓಡ್ತಿಲ್ಲ, ಇದು ಅತೀತ” ಎಂದು ಸುಜಾತಾಳಿಗೆ ವಿವರಿಸಿದೆ. ಅವಳು ಹುರುಳಿಕಾಯಿ ಬಿಡಿಸುತ್ತಾ ಪೂರ್ತಿ ಕೇಳಿದಳು. “ಅದು ಪ್ರತಿ ಸಲಾನೂ ಅಷ್ಟೇ ಮುಂಚೆ ಬರ್ಬೇಕು ಅಲ್ವಾ? ನೀವು ಒಂದೊಂದ್ಸಲ ಒಂದೊಂಥರ ಬರ್ತೀರ” ಎಂದಳು. ಇವಳ ಮೌನದ ಮೇಲೆ ಎರಡು ಹಾಡು ಬರೆದದ್ದು ದುಡುಕಾಯಿತು.

ಆದರೂ ನನ್ನ ಬತ್ತಳಿಕೆಯಲ್ಲಿ ಇನ್ನೊಂದು ಬಾಣವಿತ್ತು. ನಾನು ಓಡುತ್ತೇನೆ ಎಂದೇ ಇಟ್ಟುಕೊಳ್ಳಿ, ಓಡುವ ಚಟ ಹತ್ತಿಸಿದವರು ಯಾರು? ಮುನಿರಾಜು! ಇಪ್ಪತ್ತು ವರ್ಷ ಅವನು ಓಡಿಸಿದ, ನನ್ನ ಕೈ ಅದಕ್ಕೇ ಒಗ್ಗಿತು. ಇದನ್ನು ಸಾಬೀತು ಮಾಡಿ ಅವನ ಮುಂದೆ ಇಟ್ಟರೆ ಮುಗಿಯಿತು. ಸಾಕ್ಷಿ ನನ್ನ ಬಳಿಯೇ ಇತ್ತು. ಹುಳುಮನೆಯಲ್ಲಿ ಅಭ್ಯಾಸ ಮಾಡುವಾಗ ನಾನು ಎರಡು ಫೋನಿನಲ್ಲಿ ರೆಕಾರ್ಡು ಮಾಡುತ್ತಿದ್ದೆ, ಗಿಟಾರಿನ ಹತ್ತಿರ ಒಂದು, ಡ್ರಮ್ಮಿನ ಹತ್ತಿರ ಒಂದು. ಸ್ಕಂದಗಿರಿಯಲ್ಲೂ ಹಾಗೇ ಮಾಡಿದ್ದೆ. ಅವನ್ನೆಲ್ಲ ಲ್ಯಾಪ್‌ಟಾಪಿಗೆ ಇಳಿಸಿ ಒಂದರ ಕೆಳಗೊಂದು ಜೋಡಿಸಿದೆ. ಸದ್ದು ಪರದೆಯ ಮೇಲೆ ಗೆರೆಯಾಗಿ ಕಾಣುತ್ತದೆ, ಪೆಟ್ಟು ಬಿದ್ದಲ್ಲಿ ಗೆರೆ ಮುಳ್ಳಿನ ಹಾಗೆ ಏಳುತ್ತದೆ. ಯಾರ ಮುಳ್ಳು ಮುಂದೆ, ಯಾರದು ಹಿಂದೆ ಎಂದು ನೋಡಿದರಾಯಿತು.

ಕಚೇರಿಯ ಬುದ್ಧಿ ಬಿಡುತ್ತದೆಯೇ? ಒಂದು ಹೊಸ ಫೈಲು ತೆರೆದೆ. ವಿಷಯ: ಶ್ರೀ ಮುನಿರಾಜು ಅವರ ಲಯದೋಷದ ಬಗ್ಗೆ. ಉಲ್ಲೇಖ: ಮಂಚೇನಹಳ್ಳಿಯಲ್ಲಿ ನಡೆದ ಮಾತುಕತೆ. ಕೆಳಗೆ ಕ್ರಮಸಂಖ್ಯೆ, ಹಾಡು, ಚರಣ, ಯಾರು ಮುಂದೆ, ಷರಾ ಎಂದು ಅಂಕಣಗಳು. ನಿಮ್ಮ ಮುಂದೆ ಮುಚ್ಚಿಡುವುದೇನು, ಅಳತೆ ಶುರು ಮಾಡುವ ಮೊದಲೇ ಷರಾ ಅಂಕಣದ ಮೊದಲ ಆರು ಸಾಲಿನಲ್ಲಿ ‘ಮುನಿರಾಜು ತಪ್ಪು’ ಎಂದು ಬರೆದಿಟ್ಟಿದ್ದೆ. ತೀರ್ಮಾನ ಮೊದಲು, ತನಿಖೆ ಆಮೇಲೆ. ಹಾಗೆ ಮಾಡಿದರೆ ಕೆಲಸ ಬೇಗ ಸಾಗುತ್ತದೆ.

ಎರಡು ಭಾನುವಾರ ಕೂತು ಅಳೆದೆ. ಮೊದಲ ಹಾಡಿನಲ್ಲಿ, ಎರಡನೇ ಚರಣದ ಬಾಗಿಲಲ್ಲಿ, ಮುಂದೆ ಹೆಜ್ಜೆ ಇಟ್ಟವನು ನಾನು. ಸರಿ, ಒಂದು ಸಲ. ಎರಡನೇ ಹಾಡಿನಲ್ಲೂ ನಾನು. ಮೂರನೆಯದರಲ್ಲೂ ನಾನೇ. ಅದು ಹೋಗಲಿ, ನನ್ನನ್ನು ಅಲ್ಲಾಡಿಸಿದ್ದು ಅದರ ಕೆಳಗಿನ ಗೆರೆ. ನಾನು ಓಡಿದ ಕೂಡಲೇ ಮುನಿರಾಜು ನನ್ನ ಹಿಂದೆ ಓಡಿಬರುತ್ತಿರಲಿಲ್ಲ. ಹಾಡಿನ ಎರಡು ಸಾಲು ತನ್ನ ಜಾಗದಲ್ಲೇ ನಿಂತು ನೋಡುತ್ತಿದ್ದ. ನಾನು ವಾಪಸ್ಸು ಬರುವವನಲ್ಲ ಎಂದು ಖಾತ್ರಿಯಾದ ಮೇಲೆ ಸ್ವಲ್ಪ ಮುಂದೆ ಬರುತ್ತಿದ್ದ, ಪೂರ್ತಿಯಲ್ಲ, ಅರ್ಧ ದೂರ. ನಾನು ಎಡವಿದ್ದು ಕೇಳುವವರಿಗೆ ಗೊತ್ತಾಗಬಾರದು, ಅಷ್ಟಕ್ಕೆ. ಆಮೇಲೆ ಚರಣದ ಕೊನೆಯಲ್ಲಿ ಡ್ರಮ್ಮುಗಳ ಮೇಲೆ ದಡದಡನೆ ಒಂದು ಉರುಳಿಕೆ ಬಾರಿಸಿ, ಪಲ್ಲವಿಯ ಮೊದಲ ಪೆಟ್ಟನ್ನು ಬೇಕೆಂದೇ ಚೂರು ತಡೆದು ಹಾಕುತ್ತಿದ್ದ. ಅಲ್ಲಿ ನನ್ನ ಕೈಯೂ ತಡೆಯುತ್ತಿತ್ತು. ಪಲ್ಲವಿಯ ಹೊತ್ತಿಗೆ ಇಬ್ಬರೂ ಮನೆಯಲ್ಲಿರುತ್ತಿದ್ದೆವು. ಸಿಟ್ಟು ಮಾಡಿಕೊಂಡು ಮನೆ ಬಿಟ್ಟು ಹೊರಟ ಗಂಡಸಿನ ಜೊತೆ ಅವನ ಭಾವಮೈದ ಬಸ್‌ಸ್ಟ್ಯಾಂಡಿನವರೆಗೂ ಸುಮ್ಮನೆ ನಡೆದು, ಟೀ ಕುಡಿಸಿ, ವಾಪಸ್ಸು ಕರೆತರುವುದಿಲ್ಲವೇ, ಹಾಗೆ.

ಹನ್ನೊಂದು ಹಾಡಿನಲ್ಲೂ ಇದೇ ಕತೆ. ಒಂದೇ ಒಂದು ರೆಕಾರ್ಡಿನಲ್ಲಿ ಹೀಗಾಗಿರಲಿಲ್ಲ: ಸ್ಕಂದಗಿರಿಯದು. ಅವತ್ತು ಅವನು ಪ್ರತಿ ಪಲ್ಲವಿಯಲ್ಲೂ ತಡೆದಿದ್ದಾನೆ, ಚಪ್ಪಾಳೆಯ ಅಮಲಿನಲ್ಲಿದ್ದ ನಾನು ನಿಂತೇ ಇಲ್ಲ.

ಇಲ್ಲಿ ನಾಚಿಕೆಯಾಯಿತು ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ನಾಚಿಕೆ ಆಮೇಲೆ ಬಂತು. ಮೊದಲು ಬಂದದ್ದು ಕೋಪ, ಹಿಂದಿನದಕ್ಕಿಂತ ಹತ್ತರಷ್ಟು. ಇಪ್ಪತ್ತು ವರ್ಷ ಒಬ್ಬ ಮನುಷ್ಯನನ್ನು ಎಳೇ ಮಗುವಿನ ಹಾಗೆ ಕೈಹಿಡಿದು ನಡೆಸಿ ಅವನಿಗೊಂದು ಮಾತು ಹೇಳಬಾರದೆ? ನನ್ನ ಗಿಟಾರು ಚೆನ್ನಾಗಿದೆ ಎಂದು ಊರೂರಲ್ಲಿ ಜನ ಹೇಳಿದಾಗ ಇವನು ಪಕ್ಕದಲ್ಲಿ ನಿಂತು ತಲೆಯಾಡಿಸುತ್ತಿದ್ದನಲ್ಲ, ಒಳಗೊಳಗೇ ಏನಂದುಕೊಳ್ಳುತ್ತಿದ್ದ? ಇನ್ನು ನನ್ನ ಮೇಲಿನ ಕೋಪವನ್ನಂತೂ ಕೇಳಲೇಬೇಡಿ. ಇಂಥವನಿಗೆ ‘ನಿನಗಿಂತ ಮಿಷಿನ್ನೇ ವಾಸಿ’ ಎಂದ ನಾಲಿಗೆಗೆ ಬರೆ ಹಾಕಬೇಕೆನಿಸಿತು.

ಅವನ ಮನೆಗೆ ಹೋಗಿ ಇದನ್ನೆಲ್ಲ ಹೇಳುವುದು ಬಿಟ್ಟು ನಾನು ಮಾಡಿದ್ದೇನು ಗೊತ್ತೇ? ಮತ್ತೆ ಸಾಫ್ಟ್‌ವೇರಿನ ಮುಂದೆ ಕೂತೆ. ಗಿಟಾರ್ ಹೇಗೆ ಓಡಿದರೂ ಡ್ರಮ್ ಅದನ್ನೇ ಹಿಂಬಾಲಿಸುವಂತೆ ಮಾಡುವ ಉಪಾಯವೂ ಅದರಲ್ಲಿದೆ. ಯಂತ್ರವನ್ನೇ ಮುನಿರಾಜುವನ್ನಾಗಿಸಿ, ಹೋಗಿ ತಪ್ಪೊಪ್ಪಿಕೊಳ್ಳುವ ಕಷ್ಟ ತಪ್ಪಿಸಿಕೊಳ್ಳೋಣವೆಂದು. ಯಂತ್ರ ಹಿಂಬಾಲಿಸಿತು, ಎಷ್ಟೆಂದರೆ ಅಷ್ಟು. ನಾನು ಓಡಿದಲ್ಲಿ ಓಡಿತು, ತಡವರಿಸಿದಲ್ಲಿ ತಡವರಿಸಿತು, ಹೂಂ ಎಂದದ್ದಕ್ಕೆಲ್ಲ ಹೂಂ ಎಂದಿತು. ನನಗೆ ಅನುಕೂಲವಾಗಿತ್ತು, ಹಾಡು ಮಾತ್ರ ಹಾಳಾಗಿತ್ತು. ಸುಜಾತ ಕೇಳಿ, “ತಪ್ಪೇನೂ ಇಲ್ಲ. ಆದ್ರೆ ಇದ್ರಲ್ಲಿ ನಿಮಗೆ ಎದುರು ಹೇಳೋರೇ ಇಲ್ಲ” ಎಂದಳು. ಆಮೇಲೆ, ಪಾತ್ರೆ ಎತ್ತಿಡುತ್ತಾ, “ಹೋಗಿ ಬನ್ನಿ, ಸಾಕು” ಎಂದು ಸೇರಿಸಿದಳು.

ಹಾಗಾಗಿ ಆ ಬಟನ್ನಿನ ಮೇಲೆ ನನ್ನ ಸಿಟ್ಟು ಸುಮ್ಮನೆ ಬಂದದ್ದಲ್ಲ. ಮುನಿರಾಜುವಿನ ಪೆಟ್ಟು ಮುಂಚೆ ಬಿದ್ದರೂ ತಡವಾಗಿ ಬಿದ್ದರೂ ಅದಕ್ಕೊಂದು ಕಾರಣವಿತ್ತು, ಪ್ರತಿ ಸಲವೂ. ಕಾರಣ ನಾನು. ಅದನ್ನು ಚೆಲ್ಲಾಪಿಲ್ಲಿಯ ಲೆಕ್ಕಕ್ಕೆ ಸೇರಿಸಿ ‘ಮನುಷ್ಯ’ ಎಂದು ಹೆಸರಿಟ್ಟವನು ಯಾರೋ, ಅವನು ಇನ್ನೊಬ್ಬರ ಜೊತೆ ಕೂತು ನಾಲ್ಕು ಪೆಟ್ಟು ಬಾರಿಸಿದವನಲ್ಲ, ಬರೆದುಕೊಡುತ್ತೇನೆ.

ಮುಂದಿನ ಭಾನುವಾರ ಫೈಲನ್ನು ಕಂಕುಳಲ್ಲಿಟ್ಟುಕೊಂಡು ಅವನ ಹಳ್ಳಿಗೆ ಹೋದೆ. ಹೇಳಬೇಕಾದ ಮಾತನ್ನು ಬಸ್ಸಿನುದ್ದಕ್ಕೂ ಉರು ಹೊಡೆದಿದ್ದೆ. ಆದರೆ ಆ ಮನೆಯಲ್ಲಿ ನನ್ನ ಮಾತು ಕೇಳುವ ಪುರುಸೊತ್ತು ಯಾರಿಗಿತ್ತು? ಹುಳು ಹಣ್ಣಾಗಿತ್ತು. ಅಂದರೆ ಮೇವು ಬಿಟ್ಟು ಗೂಡು ಕಟ್ಟಲು ಸಿದ್ಧವಾಗಿತ್ತು. ಅಂಥ ಹುಳುಗಳನ್ನು ಒಂದೊಂದಾಗಿ ಆರಿಸಿ, ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿಯ ಮೇಲೆ ಬಿಡಬೇಕು. ಆ ದಿನ ಮನೆಗೆ ನೆಂಟರು ಬಂದರೂ ಕೈ ತೊಳೆದು ಹುಳು ಆರಿಸಲು ಕೂರಬೇಕಾದ್ದೇ. ಮುನಿರಾಜು ನನ್ನನ್ನು ನೋಡಿ, ಮತ್ತೆ ಹುಳುಗಳ ಕಡೆ ತಿರುಗಿದ. ರತ್ನಮ್ಮನೇ, “ಬನ್ನಿ ಅಣ್ಣಾ, ಒಳ್ಳೆ ಟೈಮಿಗೆ ಬಂದ್ರಿ” ಎಂದು ಒಂದು ತಟ್ಟೆ ನನ್ನ ಕೈಗಿತ್ತಳು. ಫೈಲನ್ನು ಕಿಟಕಿಯ ಮೇಲಿಟ್ಟು ಅವನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತೆ. ಇಬ್ಬರೂ ಹುಳು ಆರಿಸಿದೆವು. ಅವನ ಕೈ ಒಂದೇ ಹದದಲ್ಲಿ ಹೋಗಿ ಬಂದು ಮಾಡುತ್ತಿತ್ತು. ನಾನು ಬೇಗ ಬೇಗ ಆರಿಸಿ ತಟ್ಟೆ ತುಂಬಿದೆ. ಅವನಿಗಿಂತ ಮೊದಲೇ ತುಂಬಿತೆಂದು ಒಳಗೊಳಗೇ ಖುಷಿಪಟ್ಟೆ ಕೂಡ.

ರತ್ನಮ್ಮ ಬಂದು ತಟ್ಟೆಯೊಳಗೆ ಬಗ್ಗಿ ನೋಡಿದವಳೇ, “ಅಯ್ಯೋ ಅಣ್ಣಾ, ಅರ್ಧಕ್ಕರ್ಧ ಹಸಿ ಹುಳ! ಇವಿನ್ನೂ ಸೊಪ್ಪು ತಿನ್ನೋವು. ಮೈ ಬೆಳ್ಳಗಿದೆ ನೋಡಿ, ಹಣ್ಣಾದ್ದು ಹಳದಿ ತಿರುಗಿರುತ್ತೆ. ಅಷ್ಟು ಆತುರ ಯಾಕೆ, ಹುಳ ಓಡೋಗಲ್ಲ” ಎಂದಳು.

ಮುನಿರಾಜುವಿನ ಭುಜ ಒಮ್ಮೆ ಕುಲುಕಿತು. ನಗುತ್ತಿದ್ದ, ಬಡ್ಡೀಮಗ. ಮುಖ ಮಾತ್ರ ಆಚೆ ತಿರುಗಿಸಿಕೊಂಡಿದ್ದ. ನನ್ನ ಹಸಿ ಹುಳುಗಳನ್ನು ತನ್ನ ಕಡೆಗೆ ಎಳೆದುಕೊಂಡು ಒಂದೊಂದಾಗಿ ವಾಪಸ್ಸು ಸೊಪ್ಪಿನ ಮೇಲೆ ಬಿಡತೊಡಗಿದ.

ಉರು ಹೊಡೆದದ್ದೆಲ್ಲ ಮರೆತುಹೋಯಿತು. “ನಾನೇ ಓಡೋದು ಕಣೋ. ಮಿಷಿನ್ ತಂದು ನೋಡ್ದೆ, ಹನ್ನೊಂದು ಹಾಡೂ ಅಳ್ದೆ. ನೀನು ಅರ್ಧ ದಾರಿ ಬಂದು ಕರ್ಕೊಂಡೋಗ್ತಿದ್ದೆ” ಎಂದೆ. ಕಿಟಕಿಯ ಮೇಲಿನ ಫೈಲು ತೋರಿಸಿದೆ. ಅವನು ಅದನ್ನು ಮುಟ್ಟಲೂ ಇಲ್ಲ.

“ಗೊತ್ತು ಕಣೋ” ಎಂದ.

“ಗೊತ್ತಿತ್ತಾ? ಗೊತ್ತಿದ್ದು ಇಪ್ಪತ್ತು ವರ್ಷ ಬಾಯಿ ಮುಚ್ಕೊಂಡಿದ್ಯಾ? ಒಂದು ಸಲ, ಒಂದೇ ಒಂದು ಸಲ ಹೇಳಕ್ಕೆ ಏನಾಗಿತ್ತೋ ನಿಂಗೆ?” ನನ್ನ ದನಿ ಎಷ್ಟು ಏರಿತ್ತೆಂದರೆ ರತ್ನಮ್ಮ ಆ ತುದಿಯಿಂದ, “ಮೆಲ್ಲಗಣ್ಣಾ, ಹುಳ ಇದೆ” ಎಂದಳು.

ಮುನಿರಾಜು ಒಂದು ಹುಳುವನ್ನು ಎತ್ತಿ, ಬೆಳಕಿಗೆ ಹಿಡಿದು ನೋಡಿ, ಚಂದ್ರಿಕೆಯ ಮೇಲೆ ಬಿಟ್ಟ. “ಹೇಳಿದ್ನಲ್ಲಪ್ಪ, ಮಂಚೇನಹಳ್ಳೀಲಿ. ಇಪ್ಪತ್ತು ವರ್ಷಕ್ಕೆ ಒಂದೇ ಒಂದು ಸಲ ಹೇಳ್ದೆ. ಅದಕ್ಕೆ ನೀನು ಹೋಗಿ ಮಿಷಿನ್ ತಂದೆ.”

ಸಂಜೆಯವರೆಗೆ ಹುಳು ಆರಿಸಿದೆ, ಹಳದಿ ತಿರುಗಿದ್ದನ್ನು ಮಾತ್ರ. ಊಟ ಅಲ್ಲೇ ಆಯಿತು. ಫೈಲನ್ನು ಕಿಟಕಿಯಿಂದ ತೆಗೆದುಕೊಂಡು ಬರುವುದನ್ನು ಮರೆತೆ. ರತ್ನಮ್ಮ ಅದರ ಹಾಳೆಗಳನ್ನು ಚಂದ್ರಿಕೆಯ ಕೆಳಗೆ ಹಾಸಿದಳೆಂದು ಆಮೇಲೆ ಕೇಳಿದೆ. ಸರ್ಕಾರದ ಕಡತಗಳ ಪೈಕಿ ಇಷ್ಟು ಉಪಯೋಗಕ್ಕೆ ಬಂದವು ಕಡಿಮೆ.

ಗೂಡಾಯಿತು, ಬಿಡಿಸಿದರು, ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಯಿತು. ಹುಳುಮನೆ ತೊಳೆದು, ಬ್ಲೀಚಿಂಗ್ ಪೌಡರಿನ ವಾಸನೆ ಆರುವುದರೊಳಗೆ ಮುನಿರಾಜುವಿನ ಫೋನು ಬಂತು. “ನಾಳೆ ನಂಗೆ ರಜ. ಬರ್ತೀಯಾ?” ಎಂದಷ್ಟೇ. ಗಿಟಾರು ಹೊತ್ತು ಹೋದೆ. ಕಣ್ಣುರಿಯುವ ಹಜಾರದಲ್ಲಿ ಡ್ರಮ್ಮು ಜೋಡಿಸಿಕೊಂಡು ಕೂತಿದ್ದ. ರೆಕಾರ್ಡಿಗೆ ಎಲ್ಲ ಸಿದ್ಧಮಾಡಿ, ರೈಲ್ವೆ ಗೇಟಿನ ಹಾಡೇ ಎತ್ತಿಕೊಂಡೆವು. ಮೊದಲ ಚರಣ ಎಷ್ಟು ಚೆನ್ನಾಗಿ ಬಂತೆಂದರೆ ನನಗೇ ಚಪ್ಪಾಳೆ ತಟ್ಟಬೇಕೆನಿಸಿತು. ಹಾಗೆನಿಸಿದ್ದೇ ತಪ್ಪಾಯಿತು. ಎರಡನೇ ಚರಣಕ್ಕೆ ಕಾಲಿಡುತ್ತಲೇ ಕೈ ಓಡತೊಡಗಿತು. ಓಡುತ್ತಿರುವುದು ಈಗ ನನಗೆ ಗೊತ್ತಾಗುತ್ತಿತ್ತು. ಪರವಾಗಿಲ್ಲ, ಎರಡು ಸಾಲಿಗೆ ಅವನು ಬರುತ್ತಾನೆ ಎಂದುಕೊಂಡೆ. ಎರಡು ಸಾಲಾಯಿತು. ಮೂರಾಯಿತು. ಅವನು ಬರಲಿಲ್ಲ. ಇದ್ದಲ್ಲೇ, ಅದೇ ಹದದಲ್ಲಿ, ಬಾರಿಸುತ್ತಾ ಕೂತ. ನಾನೊಬ್ಬನೇ ಮುಂದೆ ಹೋಗಿ ಸಿಕ್ಕಿಹಾಕಿಕೊಂಡು, ಎಲ್ಲ ಕಲಸುಮೇಲೋಗರವಾಗಿ, ಕೈ ನಿಲ್ಲಿಸಿದೆ. ಅವನೂ ಡ್ರಮ್ಮಿನ ಕಡ್ಡಿ ನಿಲ್ಲಿಸಿದ.

“ಯಾಕೋ ಬರ್ಲಿಲ್ಲ?” ಎಂದು ಕೂಗಿದೆ.

“ಈಗ ಎರಡ್ನೇ ಸಲ ಹೇಳ್ತಿದೀನಿ, ಸೀನ” ಎಂದ ಮುನಿರಾಜು. “ಯಾವ ಮಿಷಿನ್ ತರ್ತೀಯೋ ಹೋಗಿ ತಗೊಂಬಾ.”

ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದದ್ದನ್ನು ಹಾಗೇ ನುಂಗಿಕೊಂಡು, ಅವನು ಕಡ್ಡಿಗೆ ಕಡ್ಡಿ ತಟ್ಟಿ ನಾಲ್ಕು ಎಣಿಸುವವರೆಗೆ ಕಾದು, ಮೊದಲಿನಿಂದ ಶುರುಮಾಡಿದೆ.